ಸೊಸೈಟಿಯ ಗ್ಯಾಸ್ ಘಟಕಕ್ಕೆ ಸಗಣಿಯೂ ಬೇಕು

ಮಾನ್ಯ ಸಂಪಾದಕರೇ,

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ವಸತಿ ಸೊಸೈಟಿಯಲ್ಲಿ ದಿನಕ್ಕೆ ಸುಮಾರು ನೂರು ಕಿಲೋ ಹಸಿ ಕಸ ಬೀಳುತ್ತದೆ. 2016ರ ಘನತ್ಯಾಜ್ಯ ನಿಯಮ ಬಂದ ಮೇಲೆ ಬಯೋಗ್ಯಾಸ್ ಘಟಕ ಹಾಕಿಸಿದೆವು. ಸಗಣಿ ತುಂಬಿ ಶುರು ಮಾಡಿದರು. ಏಳೆಂಟು ತಿಂಗಳು ಚೆನ್ನಾಗಿ ನಡೆಯಿತು, ವಾಚ್‌ಮನ್‌ಗಳ ಅಡುಗೆ ಅದರಲ್ಲೇ ಆಗುತ್ತಿತ್ತು. ಆಮೇಲೆ ಉರಿ ಸಣ್ಣದಾಯಿತು, ಹುಳಿ ವಾಸನೆ ಶುರುವಾಯಿತು. ಗುತ್ತಿಗೆದಾರರು ಬಂದು ಪಿಎಚ್, ಅಂದರೆ ಹುಳಿಯ ಅಳತೆ, ನೋಡಿದರು. ಘಟಕ ಸರಿ ಇದೆ, ನೀವೇ ಕಸ ಸರಿಯಾಗಿ ಬೇರ್ಪಡಿಸುತ್ತಿಲ್ಲ ಎಂದು ಹೇಳಿ ಹೋದರು. ಸೊಸೈಟಿ ಸಭೆಯಲ್ಲಿ ಅದನ್ನು ಮುಚ್ಚಿಬಿಡುವ ಮಾತೂ ಬಂತು. ನನಗೆ ತುಂಬಾ ಬೇಸರವಾಯಿತು. ಅದಕ್ಕೇ ಒಂದಿಷ್ಟು ಓದಿದೆ, ತಿಳಿದವರನ್ನು ಕೇಳಿದೆ.

ಬಯೋಗ್ಯಾಸ್‌ನಲ್ಲಿ ಉರಿಯುವ ಅನಿಲ ಮೀಥೇನ್. ಅದನ್ನು ಮಾಡುವ ಸೂಕ್ಷ್ಮಜೀವಿಗಳು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆಯೇ ಗುಂಪು. ಅವಕ್ಕೆ ಅನ್ನ, ಚಪಾತಿ, ತರಕಾರಿ ಸಿಪ್ಪೆಯಿಂದ ಬರುವ ಆಹಾರ ಮಾತ್ರ ಸಾಲದು. ಕಬ್ಬಿಣ, ನಿಕ್ಕಲ್, ಕೋಬಾಲ್ಟ್, ಸೆಲೆನಿಯಂ ಒಂದು ಚೂರು ಬೇಕು. ನಿಕ್ಕಲ್ ಇಲ್ಲದಿದ್ದರೆ ಇವು ಬೆಳೆಯುವುದಿಲ್ಲ ಎಂದು ಜರ್ಮನಿಯ ಮಾರ್ಬರ್ಗ್‌ನ ವಿಜ್ಞಾನಿಗಳು 1979ರಲ್ಲೇ ತೋರಿಸಿದ್ದರು. ಮೀಥೇನ್ ಹುಟ್ಟುವ ಕೊನೆಯ ಹಂತದ ಕಿಣ್ವದೊಳಗೇ ನಿಕ್ಕಲ್ ಕೂತಿದೆ.

ಅಡುಗೆಮನೆಯ ಕಸದಲ್ಲಿ ಇವೆಲ್ಲ ಬಹಳ ಕಡಿಮೆ. ಮೊದಲ ತಿಂಗಳುಗಳಲ್ಲಿ ಘಟಕ ನಡೆಯುವುದು ಶುರುವಿಗೆ ಹಾಕಿದ ಸಗಣಿಯ ಬಲದಿಂದ. ದಿನವೂ ಸ್ಲರಿ, ಅಂದರೆ ಗ್ಯಾಸ್ ಬಂದ ಮೇಲೆ ಉಳಿಯುವ ರಾಡಿ, ಹೊರಗೆ ಹೋಗುತ್ತದೆ, ಅದರ ಜೊತೆ ಈ ಧಾತುಗಳೂ ಹೋಗುತ್ತವೆ. ಒಂದು ದಿನ ಸಾಲದಾಗುತ್ತವೆ. ಆಗ ಕಸ ಕೊಳೆಯುವಾಗ ಹುಟ್ಟುವ ಪ್ರೊಪಿಯಾನಿಕ್ ಆಮ್ಲದಂಥವು ಒಡೆಯದೆ ಜಮೆಯಾಗುತ್ತವೆ. ಬೇಳೆ, ಹಾಲಿನ ಅಂಶದಿಂದ ಅಮೋನಿಯಾ ಬರುತ್ತದಲ್ವಾ, ಅದು ಈ ಹುಳಿಯನ್ನು ಮುಚ್ಚಿಡುತ್ತದೆ. ಹಾಗಾಗಿ ಪಿಎಚ್ ತುಂಬಾ ದಿನ ಸರಿಯಾಗೇ ಕಾಣುತ್ತದೆ. ಅದು ಬೀಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ನಮ್ಮಲ್ಲಿ ಆದದ್ದೂ ಇದೇ ಎಂದು ನನಗೆ ಅನಿಸುತ್ತದೆ.

ಎಷ್ಟು ಬೇಕು? ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 2012ರಲ್ಲಿ ಹೇಳಿದ ಲೆಕ್ಕ ಹೀಗಿದೆ: ಒಂದು ಕಿಲೋ ಆಹಾರದ ಕಸದಲ್ಲಿ ಕಡಿಮೆ ಎಂದರೂ 0.16 ಮಿಲಿಗ್ರಾಂ ಸೆಲೆನಿಯಂ, 0.22 ಮಿಲಿಗ್ರಾಂ ಕೋಬಾಲ್ಟ್ ಇರಬೇಕು. ನಮ್ಮ ನೂರು ಕಿಲೋಗೆ 16 ಮತ್ತು 22 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ!

ಹಾಗೆಂದು ಯಾರೂ ಅಂಗಡಿಯಿಂದ ಈ ಧಾತುಗಳ ಲವಣಗಳನ್ನು ತಂದು ಸುಮ್ನೆ ಸುರಿಯಬಾರದು. ಜಾಸ್ತಿಯಾದರೆ ಆ ಜೀವಿಗಳಿಗೂ ವಿಷ, ಸ್ಲರಿ ಹಾಕುವ ಗಿಡಗಳಿಗೂ ಒಳ್ಳೆಯದಲ್ಲ. ನಾವು ಸುಲಭದ ದಾರಿ ಹಿಡಿದೆವು. ಎರಡು ವಾರ ಕಸ ಹಾಕುವುದನ್ನು ಅರ್ಧಕ್ಕೆ ಇಳಿಸಿದೆವು. ಹತ್ತಿರದ ದನದ ಗೋಠಾದಿಂದ ದಿನವೂ ಎರಡು ಬಕೆಟ್ ಸಗಣಿ ತಂದು ಕಲಸಿ ಹಾಕಿದೆವು. ಒಂದೂವರೆ ತಿಂಗಳಲ್ಲಿ ಉರಿ ಮತ್ತೆ ನೀಲಿಯಾಯಿತು. ಸಗಣಿ ಈ ಧಾತುಗಳನ್ನಷ್ಟೇ ಅಲ್ಲ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಹೊಸ ಜೀವಿಗಳನ್ನೂ ತರುತ್ತದೆ. ಯಾವುದರಿಂದ ಎಷ್ಟು ಉಪಯೋಗವಾಯಿತು ಎಂದು ಪರೀಕ್ಷೆಯಿಲ್ಲದೆ ಹೇಳಲಾಗದು.

ಆ ಪರೀಕ್ಷೆಯೇ ನಮಗೆ ಬೇಕಾಗಿರುವುದು. ಈ ಜೀವಿಗಳನ್ನು ವರ್ಷಗಳಿಂದ ಅಭ್ಯಾಸ ಮಾಡುತ್ತಿರುವ ಆಘಾರಕರ್ ಸಂಶೋಧನಾ ಸಂಸ್ಥೆ ಇದೇ ಊರಿನಲ್ಲಿದೆ. ಮಹಾನಗರಪಾಲಿಕೆ ಅಂಥವರ ಸಲಹೆ ಪಡೆದು, ಸೊಸೈಟಿಗಳ ಸ್ಲರಿಯಲ್ಲಿ ಆಮ್ಲ ಮತ್ತು ಈ ಧಾತುಗಳನ್ನು ವರ್ಷಕ್ಕೆ ಎರಡು ಸಲವಾದರೂ ಪರೀಕ್ಷಿಸುವ ವ್ಯವಸ್ಥೆ ಮಾಡಬೇಕು. ಘಟಕ ಹಾಕುವವರ ನಿರ್ವಹಣಾ ಕರಾರಿನಲ್ಲೂ ಇದು ಸೇರಬೇಕು. ಇಲ್ಲದಿದ್ದರೆ ಲಕ್ಷಗಟ್ಟಲೆ ಖರ್ಚು ಮಾಡಿದ ಘಟಕಗಳು ವರ್ಷ ತುಂಬುವ ಮೊದಲೇ ಬೀಗ ಕಾಣುತ್ತವೆ.

ನಮ್ಮಲ್ಲಿ ಈಗ ದಿನದಿನದ ಲೆಕ್ಕ ಬರೆದಿಡುತ್ತಿದ್ದೇವೆ. ಇದೇ ತೊಂದರೆ ಇರುವ ಸೊಸೈಟಿಯವರು ಬಂದರೆ ಆ ಪುಸ್ತಕವನ್ನು ಖುಷಿಯಿಂದ ತೋರಿಸುತ್ತೇನೆ.

— ಸೊಸೈಟಿ ಸಮಿತಿಯ ಸದಸ್ಯ, ಕೋಥ್ರೂಡ್, ಪುಣೆ