ಸಂಜಿ ಆರರ ಮ್ಯಾಲ ಐಟಿಐ ವರ್ಕ್‌ಶಾಪ್ ನಮಗೂ ತೆಗೀರಿ

ಮಾನ್ಯ ಸಂಪಾದಕರಿಗೆ ಶರಣ್ರಿ,

ನಾ ಕಲಬುರಗಿ ಹುಮನಾಬಾದ್ ರಿಂಗ್ ರೋಡ್ ಕಡಿ ಗ್ಯಾರೇಜ್ ಇಟ್ಟವ. 1996ರಾಗ ಏಳನೇ ಕ್ಲಾಸಿಗೆ ಸಾಲಿ ಬಿಟ್ಟು ಮುಸ್ಲಿಂ ಚೌಕ್ ಹತ್ರ ಒಬ್ರು ಉಸ್ತಾದ್ ಕೈಕೆಳಗ ಪಾನಾ ಹಿಡದೆ, ಇವತ್ತಿನ ತನಕ ಬಿಟ್ಟಿಲ್ಲ. ನಿಮ್ಮ ಪೇಪರ್‌ನಾಗ ಕೆಲಸ ಇಲ್ದವ್ರ ಬಗ್ಗೆ, ಸ್ಕಿಲ್ ಟ್ರೇನಿಂಗ್ ಬಗ್ಗೆ ದಿನಾ ಏನರೆ ಬರ್ತದ, ಓದ್ತೀನಿ. ಆದ್ರ ಕೆಲಸ ಗೊತ್ತಿದ್ದೂ ಕೆಲಸ ಕೈಯಿಂದ ಜಾರ್ಲಿಕತ್ತವ್ರ ಬಗ್ಗೆ ಯಾರೂ ಬರ್ಯಂಗಿಲ್ಲ, ಅದಕ್ಕ ನಾನೇ ಕುಂತು ಮೊಬೈಲ್‌ನಾಗ ಟೈಪ್ ಮಾಡ್ಲಿಕತ್ತೀನಿ.

ಹೋದ ತೊಗರಿ ಸೀಸನ್‌ದಾಗ ಆದ ಮಾತು ಹೇಳ್ತೀನಿ. ಆಳಂದ ಕಡಿಂದ ಒಬ್ಬ ಹುಡುಗ ಎಪಿಎಂಸಿಗೆ ತೊಗರಿ ತರೋ ಪಿಕಪ್ ಗಾಡಿ ತಂದ. "ಕಾಕಾ, ಗಾಡಿ ಎಳೀವಲ್ದು, ಎಷ್ಟು ಒತ್ತಿದ್ರೂ ನಲವತ್ತು ದಾಟವಲ್ದು" ಅಂದ. ಡ್ಯಾಶ್‌ಬೋರ್ಡ್‌ನಾಗ ಇಂಜಿನ್ ಲೈಟ್ ಹತ್ತಿತ್ತು. ನಾ ನನಗ ಬರೋದು ಎಲ್ಲಾ ಮಾಡ್ದೆ. ಡೀಸೆಲ್ ಫಿಲ್ಟರ್ ಬದಲಿ ಮಾಡ್ದೆ, ಏರ್ ಫಿಲ್ಟರ್ ತೆಗದು ನೋಡ್ದೆ, ನಮ್ಮ ಕಡಿ ಎರಿ ಮಣ್ಣಿನ ಧೂಳು, ಸಿಮೆಂಟ್ ಲಾರಿ ಧೂಳು ಎಂಥಾದಂತ ನಿಮಗ ಗೊತ್ತೇ ಅದ, ಅದೂ ಬದಲಿ ಮಾಡ್ದೆ, ಟರ್ಬೋ ಪೈಪ್ ಎಲ್ಲೆರೆ ಒಡದದೇನಂತ ಸಾಬೂನ್ ನೀರು ಹಚ್ಚಿ ನೋಡ್ದೆ, ಇಂಜೆಕ್ಟರ್ ಮ್ಯಾಲ ಡೌಟ್ ಬಂತು. ಮೂರು ದಿನ ಗಾಡಿ ನನ್ನ ಗ್ಯಾರೇಜ್‌ದಾಗೇ ನಿಂತಿತು. ಅವನ ಮಾಲ್ ಬ್ಯಾರೆಯವರ ಗಾಡ್ಯಾಗ ಹೋಯ್ತು, ಬಾಡಗಿ ಅವನ ತಲಿ ಮ್ಯಾಲ. ಕಡೀಕ ಟೋ ಮಾಡ್ಕೊಂಡು ಸೊಲ್ಲಾಪುರಕ್ಕ ಒಯ್ದ. ಅಲ್ಲಿ ಗಾಡಿ ಕಂಪ್ಯೂಟರ್‌ದಾಗಿನ ದೋಷ ಓದೋ ಸ್ಕ್ಯಾನರ್ ಮಷೀನ್ ಹಾಕಿದ್ರು, ಅರ್ಧ ತಾಸಿನಾಗ ಸಿಕ್ತು. ಏನಂತೀರಿ? ಬೆರಳುದ್ದದ ರಬ್ಬರ್ ಪೈಪ್. ಇಲಿ ಕಡದಿತ್ತು. ತೊಗರಿ ಚೀಲ ತುಂಬೋ ಗಾಡಿ, ಇಲಿ ಬರದೇ ಇರ್ತಾವೇನು.

ಆ ಪೈಪ್ ಕೆಲಸ ಏನಂದ್ರ, ಬಿಎಸ್ 6 ಅಂದ್ರ ಹೊಗಿ ಕಡಿಮಿ ಮಾಡೋ ಸರ್ಕಾರಿ ನಿಯಮದ ಡೀಸೆಲ್ ಗಾಡಿ ಸೈಲೆನ್ಸರ್ ಲೈನ್‌ದಾಗ ಡಿಪಿಎಫ್ ಅಂತ ಒಂದು ಫಿಲ್ಟರ್ ಇರ್ತದ, ಹೊಗಿಯಾಗಿನ ಕಾಡಿಗಿ ಅದರಾಗ ಕೂಡ್ತದ. ಫಿಲ್ಟರ್ ಮುಂದ ಒಂದು, ಹಿಂದ ಒಂದು ಪೈಪ್, ಎರಡರ ಪ್ರೆಷರ್ ನಡುವ ಎಷ್ಟು ಫರಕ್ ಅದ ಅಂತ ಒಂದು ಸೆನ್ಸಾರ್ ನೋಡ್ತದ. ಫರಕ್ ಹೆಚ್ಚಾದ್ರ ಫಿಲ್ಟರ್ ತುಂಬ್ಯಾದ ಅಂತ ಲೆಕ್ಕ, ಆವಾಗ ಗಾಡಿ ತಾನೇ ಹೆಚ್ಚಿನ ಡೀಸೆಲ್ ಬಿಟ್ಟು, ಸುಮಾರು 600 ಡಿಗ್ರಿ ತನಕ ಕಾಯಿಸಿ ಆ ಕಾಡಿಗಿ ಸುಟ್ಟು ಹಾಕ್ತದ. ಪೈಪ್ ಹರದ್ರ ಸೆನ್ಸಾರ್ ಹೇಳೋ ಲೆಕ್ಕ ತಪ್ತದ, ಕಂಪ್ಯೂಟರ್ ಅಂಜಿಕೊಂಡು ಇಂಜಿನ್ ಶಕ್ತಿ ಕಡಿಮಿ ಮಾಡ್ತದ. ಇದೆಲ್ಲಾ ನನಗ ಆಮ್ಯಾಲ ತಿಳದದ್ದು. ಇಪ್ಪತ್ತೈದು ವರ್ಷದ ಮ್ಯಾಲ ಕೆಲಸ ಮಾಡಿದವ ನಾನು, ಆ ಹುಡುಗನ ಮುಖ ನೋಡ್ಲಿಕ್ಕ ನನಗ ಆಗ್ಲಿಲ್ಲ. ಮಜೂರಿ ತಗೊಳ್ಳಿಲ್ಲ.

2020 ಏಪ್ರಿಲ್ 1ರಿಂದ ದೇಶದ ತುಂಬ ಹೊಸಾ ಗಾಡಿ ಎಲ್ಲಾ ಬಿಎಸ್ 6 ಆದ್ವು. ಬೈಕಿಗೂ ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಆವಾಗ ನಾವ್ಯಾರೂ ತಲಿ ಕೆಡಿಸ್ಕೊಳ್ಳಿಲ್ಲ, ಯಾಕಂದ್ರ ವಾರಂಟಿ ಇರೋ ತನಕ ಆ ಗಾಡಿ ಶೋರೂಮಿಗೇ ಹೋಗ್ತಾವ. ಈಗ ವಾರಂಟಿ ಮುಗದ್ವು, ನಮ್ಮ ಬಾಗಿಲಿಗೆ ಬರ್ಲಿಕತ್ಯಾವ. ಬಂದಾಗ ನಮ್ಮ ಕಡಿ ಏನದ? ಕರೆಂಟ್, ವೋಲ್ಟ್ ಅಳಿಯೋ ಮಲ್ಟಿಮೀಟರ್ ಹಿಡಿಯೋದು ಸಹ ನಮ್ಮಾಗ ಭಾಳ ಮಂದಿಗೆ ಬರಂಗಿಲ್ಲ, ಟೆಸ್ಟ್ ಲ್ಯಾಂಪ್ ಹಚ್ಚಿ ನೋಡೋದೇ ರೂಢಿ. ಸೆನ್ಸಾರ್ ವೈರಿಗೆ ಬಲ್ಬ್ ಹಚ್ಚಿದ್ರ ಇಸಿಯು, ಅಂದ್ರ ಗಾಡಿ ಕಂಪ್ಯೂಟರ್, ಸುಡೋ ಚಾನ್ಸ್ ಇರ್ತದ, ಹಂಗ ಸುಟ್ಟದ್ದು ನಾ ಕಣ್ಣಾರೆ ನೋಡೀನಿ.

ಇನ್ನೊಂದು ಇದಕ್ಕಿಂತ ಅಂಜಿಕಿದು. ಹಳೀ ಡೀಸೆಲ್ ಇಂಜಿನ್ ಮಿಸ್ಸಿಂಗ್ ಹೊಡದ್ರ ಉಸ್ತಾದ್ ನಮಗ ಕಲ್ಸಿದ್ದು ಏನಂದ್ರ, ಇಂಜಿನ್ ಚಾಲೂ ಇಟ್ಟು ಒಂದೊಂದೇ ನೋಝಲ್ ಪೈಪ್ ನಟ್ ಸಡಲ ಮಾಡು, ಯಾವುದು ಸಡಲ ಮಾಡಿದ್ರೂ ಸೌಂಡ್ ಬದಲಾಗಂಗಿಲ್ಲ ಅದೇ ಸಿಲಿಂಡರ್ ಸತ್ತದ ಅಂತ. ಆವಾಗಿನ ನೋಝಲ್ ಸುಮಾರು 200 ಬಾರ್ ಪ್ರೆಷರಿಗೆ ತೆಗೀತಿತ್ತು. ಈಗಿನ ಕಾಮನ್ ರೈಲ್ ಗಾಡ್ಯಾಗ, ಅಂದ್ರ ಒಂದೇ ಪೈಪಿಂದ ಎಲ್ಲಾ ಇಂಜೆಕ್ಟರಿಗೂ ಡೀಸೆಲ್ ಹೋಗೋ ಗಾಡ್ಯಾಗ, 1600, 2000 ಬಾರ್ ತನಕ ಹೋಗ್ತದ. ಆ ನಟ್ ಇಂಜಿನ್ ಚಾಲೂ ಇದ್ದಾಗ ಸಡಲ ಮಾಡಿದ್ರ ಡೀಸೆಲ್ ಸೂಜಿ ಹಂಗ ಚರ್ಮ ತೂತು ಮಾಡಿ ಒಳಗ ಹೋಗ್ತದ, ಕೈ ಕತ್ತರಿಸೋ ಪರಿಸ್ಥಿತಿ ಬರ್ತದ. ಉಸ್ತಾದ್ ತಪ್ಪು ಕಲ್ಸಿಲ್ಲ, ಅವರು ಕಲ್ಸಿದ್ದು ಅವರ ಕಾಲದ ಗಾಡಿಗೆ ಸರಿ. ಆದ್ರ ಅದನ್ನೇ ಇವತ್ತಿಗೂ ಚೋಟು ಹುಡುಗೂರಿಗೆ ಕಲಿಸ್ಲಿಕತ್ತಾರಲ್ಲ, ಅವ್ರಿಗೆ ಯಾರು ಹೇಳ್ಬೇಕು?

ಎಲೆಕ್ಟ್ರಿಕ್ ಗಾಡಿದು ಇದೇ ಮಾತು. ಕಾರಿನಾಗ 300, 400 ವೋಲ್ಟ್ ಇರ್ತದ, ಕಿತ್ತಳಿ ಬಣ್ಣದ ವೈರ್ ಅಂದ್ರ ಹೈ ವೋಲ್ಟೇಜ್, ಅದಕ್ಕಂತ ಮಾಡಿದ ರಬ್ಬರ್ ಗ್ಲೌಸ್ ಹಾಕ್ಕೊಂಡೇ, ಬ್ಯಾಟರಿ ಲೈನ್ ಕಡಿಯೋ ಸರ್ವಿಸ್ ಪ್ಲಗ್ ತೆಗದು ಕಂಪನಿ ಹೇಳಿದಷ್ಟು ಹೊತ್ತು ಕಾಯ್ಬೇಕು. ನಮ್ಮ ಲೈನ್‌ದಾಗ ಎಷ್ಟು ಮಂದಿಗೆ ಗೊತ್ತದ ಹೇಳ್ರಿ.

ಈಗ ನನ್ನ ಮಗನ ಕಡಿ ಬರ್ತೀನಿ. ಅವ ಐಟಿಐದಾಗ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡ್, ಎರಡು ವರ್ಷದ ಕೋರ್ಸ್, ಈಗ ಎರಡನೇ ವರ್ಷ. ಯಾವ ಐಟಿಐ ಅಂತ ಬರ್ಯಂಗಿಲ್ಲ, ಅಲ್ಲಿನ ಮಾಸ್ತರ್ರು ಛಲೋ ಮನುಷ್ಯಾರು, ಅವ್ರಿಗೆ ತ್ರಾಸ್ ಆಗ್ಬಾರ್ದು. ಪಾಲಕರ ಮೀಟಿಂಗ್ ಅಂತ ಕರದ್ರು, ಹೋಗಿದ್ದೆ. ವರ್ಕ್‌ಶಾಪ್ ನೋಡಿ ನನಗ ಒಂದು ಕಡಿ ಖುಷಿ, ಒಂದು ಕಡಿ ಸಂಕಟ. ಕತ್ತರಿಸಿ ಕೆಂಪು ನೀಲಿ ಬಣ್ಣ ಹಚ್ಚಿದ ಇಂಜಿನ್ ಸ್ಟ್ಯಾಂಡ್ ಮ್ಯಾಲ ಕುಂತದ, ಹ್ಯಾಂಡಲ್ ತಿರುವಿದ್ರ ಪಿಸ್ಟನ್ ಮ್ಯಾಲ ಕೆಳಗ ಆಗ್ತದ, ಹುಡುಗೂರು ತಿರುವಿ ತಿರುವಿ ಹ್ಯಾಂಡಲ್ ಬಣ್ಣ ಹೋಗ್ಯಾದ. ಅದರ ಹಿಂದ ಗಾಜಿನ ಅಲಮಾರಿ, ಅದರಾಗ ಸ್ಕ್ಯಾನರ್, ಕೀಲಿ ಹಾಕಿದ್ದು. ಯಾಕ್ ಸರ್ ಕೀಲಿ ಅಂದೆ. ಕೆಟ್ರ ಜವಾಬ್ದಾರಿ ನಮ್ಮ ಮ್ಯಾಲ ಬರ್ತದ್ರಿ, ಮತ್ತ ಹಾಕಿ ನೋಡ್ಲಿಕ್ಕ ಚಾಲೂ ಗಾಡಿ ಎಲ್ಲಿಂದ ತರೋಣ ಅಂದ್ರು. ಖರೇ ಅದ ಅವರ ಮಾತು. ಅವರ ಹತ್ರ ಮಷೀನ್ ಅದ, ಕೆಟ್ಟ ಗಾಡಿ ಇಲ್ಲ. ನನ್ನ ಹತ್ರ ಕೆಟ್ಟ ಗಾಡಿ ಸಾಲಾಗಿ ನಿಂತಾವ, ಮಷೀನ್ ಇಲ್ಲ. ನಡುವ ನಾಕು ಕಿಲೋಮೀಟರ್ ದಾರಿ.

ಅವತ್ತು ಆ ಸರ್ ನನ್ನ ಸಲುವಾಗಿ ಕೀಲಿ ತೆಗದ್ರು. ಅಲ್ಲಿದ್ದ ಒಂದು ಪೆಟ್ರೋಲ್ ಇಂಜಿನ್ ಚಾಲೂ ಮಾಡಿ, ನನಗ ಕಾಣದಂಗ ಪ್ಲಗ್ಗಿಗೆ ಕಿಡಿ ಕೊಡೋ ಒಂದು ಕಾಯಿಲ್ ಕನೆಕ್ಟರ್ ತೆಗದಿಟ್ಟು, ಏನಾಗ್ಯಾದ ಹೇಳ್ರಿ ನೋಡೋಣ ಅಂದ್ರು. ನಾ ಸೈಲೆನ್ಸರ್ ಬಾಯಿಗೆ ಕೈ ಹಿಡದೆ, ಬಿಟ್ಟು ಬಿಟ್ಟು ಹೊಡೀಲಿಕತ್ತಿತ್ತು. ಒಂದು ಸಿಲಿಂಡರ್ ಮಿಸ್ ಅದ್ರಿ ಅಂದೆ. ಸ್ಕ್ಯಾನರ್ ಹಚ್ಚಿದ್ರು, ಪಿ0303 ಅಂತ ಬಂತು. ಆ ಸರ್ ಬಿಡಿಸಿ ಹೇಳಿದ್ರು, ಪಿ ಅಂದ್ರ ಇಂಜಿನ್ ಗೇರ್ ಕಡೀದು, ಸೊನ್ನಿ ಅಂದ್ರ ಎಲ್ಲಾ ಕಂಪನಿಗೂ ಒಂದೇ ಕೋಡ್, ಮೂರು ಅಂದ್ರ ಇಗ್ನಿಷನ್ ಇಲ್ಲಾ ಮಿಸ್ ಫೈರ್, ಕೊನೀ ಸೊನ್ನಿ ಮೂರು ಅಂದ್ರ ಮೂರನೇ ಸಿಲಿಂಡರ್. ನನ್ನ ಕೈ ಹೇಳಿದ್ದೇ ಆ ಮಷೀನ್ ಹೇಳಿತು, ಆದ್ರ ಯಾವ ಸಿಲಿಂಡರ್ ಅಂತನೂ ಹೇಳಿತು. ಮುಂದ ಆ ಸರ್ ಒಂದು ಮಾತು ಅಂದ್ರು, ಮೂರನೇದು ಹೊಡೀವಲ್ದು ಅಂತಷ್ಟೇ ಕೋಡ್ ಹೇಳ್ತದ, ಯಾಕ ಅಂತ ಹೇಳಂಗಿಲ್ಲ, ಪ್ಲಗ್ಗೋ ಕಾಯಿಲ್ಲೋ ಇಂಜೆಕ್ಟರ್ರೋ ಕಂಪ್ರೆಷನ್ನೋ ಅದನ್ನ ಮಿಸ್ತ್ರಿನೇ ಹುಡುಕಬೇಕು ಅಂತ. ನನ್ನ ಮಗ ಅಲ್ಲೇ ನಿಂತು ನೋಡ್ಲಿಕತ್ತಿದ್ದ. ಅವ್ನಿಗೆ ಆ ಕೋಡ್ ಎಲ್ಲಾ ಬಾಯಿಪಾಠ ಅದ, ಆದ್ರ ತುಕ್ಕು ಹಿಡದ ಬೋಲ್ಟ್ ಮುರೀದಂಗ ಹ್ಯಾಂಗ ತೆಗೀಬೇಕು, ಎಷ್ಟು ಕಾಯಿಸ್ಬೇಕು, ಎಲ್ಲಿ ಬಡೀಬೇಕು ಅದು ಬರಂಗಿಲ್ಲ. ಅವನದು ತಪ್ಪಲ್ಲ, ತುಕ್ಕು ಹಿಡದ ಬೋಲ್ಟೇ ಅವ ನೋಡಿಲ್ಲ.

ಆವತ್ತಿಂದ ನನ್ನ ತಲಿಯಾಗ ಇದೇ ಕೊರೀಲಿಕತ್ತದ. ಸಂಜಿ ಐದಕ್ಕ ಆ ವರ್ಕ್‌ಶಾಪ್ ಕೀಲಿ ಬೀಳ್ತದ. ನನ್ನಂಥವ್ರಿಗೆ ಹಗಲು ಎರಡು ವರ್ಷ ಹೋಗಿ ಕುಂಡ್ರಲಿಕ್ಕ ಆಗಂಗಿಲ್ಲ, ಮನಿ ನಡೀಬೇಕು. ಅದೂ ಅಲ್ದೇ ಆ ಟ್ರೇಡಿಗೆ ಎಸ್ಸೆಸ್ಸೆಲ್ಸಿ ಪಾಸ್ ಬೇಕು, ನಂದು ಏಳನೇತ್ತ. ಆರ್‌ಪಿಎಲ್ ಅಂತ ಒಂದು ಅದಲ್ಲ ಅಂತ ಯಾರರೆ ಹೇಳ್ಬಹುದು. ಅದು ನಿನಗ ಈಗಾಗಲೇ ಏನು ಬರ್ತದ ಅದಕ್ಕ ಸರ್ಟಿಫಿಕೇಟ್ ಕೊಡೋದು, ಅದೂ ಬೇಕು, ಬ್ಯಾಡ ಅನ್ನಂಗಿಲ್ಲ. ನನಗ ಬೇಕಾದ್ದು ಬರದೇ ಇರೋದನ್ನ ಕಲಿಯೋ ಜಾಗ.

ನಮ್ಮ ಓಣಿ ಹುಡುಗ ಒಬ್ಬ ಅಮೆರಿಕಾದಾಗ ಅದಾನ, ಫೋನ್‌ನಾಗ ಅವನ ಮುಂದ ಇದೇ ಹೇಳ್ದೆ. ಅವ ಅಲ್ಲಿನ ಕಮ್ಯುನಿಟಿ ಕಾಲೇಜ್ ಬಗ್ಗೆ ಹೇಳ್ದ. 1901ರಾಗ ಇಲಿನಾಯ್ ರಾಜ್ಯದ ಜೋಲಿಯೆಟ್ ಅನ್ನೋ ಊರಾಗ ಮೊದಲನೇದು ಶುರು ಆಯ್ತಂತ, ಈಗ ಊರೂರಿಗೆ ಅವ. ಆಟೋಮೋಟಿವ್ ಟೆಕ್ನಾಲಜಿ ಅಂತ ಎರಡು ವರ್ಷದ ಡಿಗ್ರಿನೂ ಅದ, ಬರೇ ಬ್ರೇಕ್, ಬರೇ ಎಲೆಕ್ಟ್ರಿಕಲ್ ಅಂತ ಒಂದೊಂದೇ ವಿಷಯ ತಗೊಂಡು ಕಲಿಯೋದೂ ಅದ, ಭಾಳ ಕಡಿ ಸಂಜಿ ಕ್ಲಾಸ್ ನಡೀತಾವ, ಹದಿನೆಂಟರ ಹುಡುಗನ ಬಾಜೂಕ ಐವತ್ತರ ಮಿಸ್ತ್ರಿ ಕುಂಡ್ರಬಹುದು. ಎಎಸ್‌ಇ ಅಂತ ಒಂದು ಸಂಸ್ಥಾ 1972ರಿಂದ ಮೆಕ್ಯಾನಿಕ್‌ಗಳಿಗೆ ಪರೀಕ್ಷಾ ನಡಸ್ತದ, ಇಂಜಿನ್ ರಿಪೇರಿ, ಬ್ರೇಕ್, ಸಸ್ಪೆನ್ಷನ್ ಸ್ಟೀರಿಂಗ್, ಎಲೆಕ್ಟ್ರಿಕಲ್, ಎಸಿ ಅಂತ ಬ್ಯಾರೆ ಬ್ಯಾರೆ ಪೇಪರ್, ಪಾಸಾದ್ರ ಮುಗೀಲಿಲ್ಲ, ಐದು ವರ್ಷಕ್ಕೊಮ್ಮಿ ಸರ್ಟಿಫಿಕೇಟ್ ಹೊಸದು ಮಾಡಿಸ್ಕೋಬೇಕು. ನನಗ ಇದು ಭಾಳ ಮನಸ್ಸಿಗೆ ಹತ್ತಿತು. ಗಾಡಿ ಬದಲಾದಂಗ ಮಿಸ್ತ್ರಿನೂ ಬದಲಾಗ್ಬೇಕು ಅಂತ ಅವ್ರು ಮೊದಲೇ ತಿಳ್ಕೊಂಡಾರ.

ನಮ್ಮ ದೇಶದಾಗ ಇದು ಯಾರಿಗೂ ಹೊಳದಿಲ್ಲ ಅಂತಲ್ಲ. ಯುಜಿಸಿ 2013-14ರಾಗೇ ಕಮ್ಯುನಿಟಿ ಕಾಲೇಜ್ ಸ್ಕೀಮ್ ತಂದದ. ನಮ್ಮ ರಾಜ್ಯದಾಗ 150 ಸರ್ಕಾರಿ ಐಟಿಐಗಳನ್ನ ಟೆಕ್ನಾಲಜಿ ಹಬ್ ಮಾಡಿ 2022 ಜೂನ್ 20ಕ್ಕ ಪ್ರಧಾನಿಯವ್ರು ಬೆಂಗಳೂರಾಗ ಉದ್ಘಾಟನೆ ಮಾಡಿದ್ರು, 4,700 ಕೋಟಿ ಅಂತ ಲೆಕ್ಕ ಬಂದಿತ್ತು. ಅಂದ್ರ ಮಷೀನ್ ಬಂದಾವ, ಕಟ್ಟಡ ಅವ, ಮಾಸ್ತರ್ರು ಅದಾರ. ಸಂವಿಧಾನದ 371ಜೆ ಕಲಂ ಬಂದ ಮ್ಯಾಲ ನಮ್ಮ ಭಾಗಕ್ಕ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರೊಕ್ಕನೂ ಅದ. ಸಂಜಿ ಮೂರು ತಾಸು ಲೈಟ್ ಹಚ್ಚಿಡ್ಲಿಕ್ಕ, ಒಬ್ಬ ಮಾಸ್ತರ್ರಿಗೆ ಓವರ್‌ಟೈಮ್ ಕೊಡ್ಲಿಕ್ಕ ಭಾಳ ಏನೂ ಬೇಕಾಗಂಗಿಲ್ಲ.

ನನ್ನ ಕೇಳಿಕಿ ಇಷ್ಟೇ ಅದರಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡಿ ಒಂದೊಂದು ಸರ್ಕಾರಿ ಐಟಿಐದಾಗ ವಾರಕ್ಕ ಮೂರು ದಿನ ಸಂಜಿ ಆರರಿಂದ ಒಂಬತ್ತು, ಆರು ತಿಂಗಳು, ಹದಿನೈದು ಹದಿನೈದು ಮಂದಿ ಬ್ಯಾಚ್ ಮಾಡ್ರಿ. ಎಸ್ಸೆಸ್ಸೆಲ್ಸಿ ಕೇಳಬ್ಯಾಡ್ರಿ, ವಯಸ್ಸು ಕೇಳಬ್ಯಾಡ್ರಿ, ಗ್ಯಾರೇಜ್‌ದಾಗ ಎಷ್ಟು ವರ್ಷ ದುಡದಾನ ಅಷ್ಟು ಕೇಳ್ರಿ. ಮೊದಲ ತಿಂಗಳು ಬರೇ ಮಲ್ಟಿಮೀಟರ್ ಮತ್ತ ವೈರಿಂಗ್ ನಕ್ಷಾ ಓದೋದು ಕಲ್ಸಿದ್ರೂ ಸಾಕು, ನಮ್ಮ ಅರ್ಧ ಕುರುಡುತನ ಅಲ್ಲೇ ಹೋಗ್ತದ. ಕನ್ನಡದಾಗ ಕಲಿಸ್ರಿ, ಉರ್ದು ಮಾತಾಡೋ ಮಿಸ್ತ್ರಿಗಳು ನಮ್ಮ ಲೈನ್‌ದಾಗ ಭಾಳ ಅದಾರ, ಅವ್ರಿಗೂ ತಿಳಿಯಂಗ ಹೇಳ್ರಿ. ಇಂಗ್ಲಿಷ್ ಮ್ಯಾನ್ಯುವಲ್ ಮುಂದಿಟ್ರ ಮರುದಿನ ಅರ್ಧ ಮಂದಿ ಬರಂಗಿಲ್ಲ. ಫೀ ಇಡ್ರಿ, ಸಾವಿರ ಎರಡು ಸಾವಿರ ಕೊಡ್ಲಿಕ್ಕ ನಾವು ತಯಾರ್ ಅದೀವಿ.

ಅದಕ್ಕ ಬದಲಿ ನಾವೂ ಕೊಡ್ತೀವಿ. ಹಗಲು ಹುಡುಗೂರ ಪ್ರಾಕ್ಟಿಕಲ್‌ಗೆ ಹದಿನೈದು ದಿನಕ್ಕೊಮ್ಮಿ ಒಬ್ಬ ಮಿಸ್ತ್ರಿನ್ನ ಕರೀರಿ, ಗಾಡಿ ಮಾಲಕನ್ನ ಕೇಳಿ ಕೆಟ್ಟ ಗಾಡಿ ಸಮೇತ ಬರ್ತಾನ. ಕ್ಲಚ್ ಪ್ಲೇಟ್ ಸುಟ್ಟ ವಾಸನಿ ಹ್ಯಾಂಗಿರ್ತದ, ಬೇರಿಂಗ್ ಹೋದ್ರ ಯಾವ ಸೌಂಡ್, ಮೇ ತಿಂಗಳದಾಗ ನಮ್ಮೂರ 43 ಡಿಗ್ರಿ ಬಿಸಲಾಗ ರೇಡಿಯೇಟರ್ ಯಾಕ ಕುದೀತದ, ಇವು ಪುಸ್ತಕದಾಗ ಓದಿ ತಿಳಿಯೋವಲ್ಲ, ಮೂಸಿ, ಕೇಳಿ, ಮುಟ್ಟಿ ತಿಳೀಬೇಕು.

ಸಂಬಂಧಪಟ್ಟ ಅಧಿಕಾರಿಗಳು, ನಮ್ಮ ಶಾಸಕರು ನಿಮ್ಮ ಪೇಪರ್ ಓದ್ತಾರ ಅಂತ ಇಲ್ಲಿ ಬರ್ದೀನಿ. ನಮ್ಮ ರಿಂಗ್ ರೋಡ್ ಮಂದಿನ್ನ ಕೇಳಿ ನೋಡೀನಿ, ಹನ್ನೊಂದು ಮಂದಿ ನಾಳಿಂದಾನೇ ಬರ್ತೀವಿ ಅಂದಾರ, ಅದರಾಗ ನನ್ನ ಉಸ್ತಾದ್ ಮಗನೂ ಒಬ್ಬ. ಹೆಸರು, ಫೋನ್ ನಂಬರ್ ಎಲ್ಲಾ ಒಂದು ನೋಟ್‌ಬುಕ್‌ದಾಗ ಬರ್ದಿಟ್ಟೀನಿ. ಯಾರರೆ ಅಧಿಕಾರಿ ಕರದ್ರ ಅದನ್ನ ತಗೊಂಡು ಬರ್ತೀನಿ.

ಇಂತಿ ನಿಮ್ಮ ಓದುಗ,
ಒಬ್ಬ ಗ್ಯಾರೇಜ್ ಮಿಸ್ತ್ರಿ,
ಹುಮನಾಬಾದ್ ರಿಂಗ್ ರೋಡ್, ಕಲಬುರಗಿ