ಸೀಲ್ ಮರಿ ಎತ್ತಿಕೊಳ್ಳುವ ಮೊದಲು ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಗುಂಪಿಗೆ ಬಂತಲ್ಲ, ಸೀಲ್ (ಕಡಲಲ್ಲಿ ಬದುಕುವ ಸಸ್ತನಿ) ಮರಿಯನ್ನು ಬರಿಗೈಯಲ್ಲಿ ಎತ್ತಿಕೊಂಡ ಫೋಟೋ, ಅದಕ್ಕೇ ಈ ಸೂಚನೆ. ಮುದ್ದಾಗಿದೆ ನಿಜ. ಆದರೂ ದಯವಿಟ್ಟು ಹಾಗೆ ಮಾಡಬೇಡಿ.

ಸೀಲ್ ಕಚ್ಚಿದರೆ, ಅಥವಾ ಕೈಯ ಸಣ್ಣ ಗಾಯಕ್ಕೆ ಅದರ ಮೈ ತಾಗಿದರೂ 'ಸೀಲ್ ಫಿಂಗರ್' ಬರಬಹುದು. ಬೆರಳು ಊದಿ, ಗಂಟು ಬಿಗಿದು, ಸಿಕ್ಕಾಪಟ್ಟೆ ನೋಯುತ್ತದೆ. ಕಾರಣ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ. ಇದಕ್ಕೆ ಕೋಶದ ಗೋಡೆಯೇ ಇಲ್ಲ. ಪೆನಿಸಿಲಿನ್ ಕೆಲಸ ಮಾಡುವುದೇ ಆ ಗೋಡೆಯ ಮೇಲೆ, ಹಾಗಾಗಿ ಇಲ್ಲಿ ಅದು ದಂಡ. ಸಾಮಾನ್ಯವಾಗಿ ಟೆಟ್ರಾಸೈಕ್ಲಿನ್ ಗುಂಪಿನ ಔಷಧಿ ಕೊಡುತ್ತಾರೆ. ಡಾಕ್ಟರಿಗೆ ಸೀಲ್ ಮುಟ್ಟಿದ ವಿಷಯ ಮೊದಲೇ ಹೇಳಿ. ಹೇಳದಿದ್ದರೆ ಅವರಿಗಾದರೂ ಹೇಗೆ ಹೊಳೆಯಬೇಕು, ಅಲ್ವಾ?

ಸೀಲ್ ಒಂದೇ ಅಲ್ಲ. ಅದರ ಬಂಧುಗಳಾದ ಕ್ಯಾಲಿಫೋರ್ನಿಯಾದ ಸೀ ಲಯನ್‌ಗಳಲ್ಲಿ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಕಿಡ್ನಿ ಕೆಡಿಸುತ್ತದೆ, ಮೂತ್ರದಲ್ಲೂ ಹೊರಬರುತ್ತದೆ. ನಾಯಿಗೂ ಅದು ಅಂಟಬಹುದು, ಹತ್ತಿರ ಬಿಡಬೇಡಿ. ಡಾಲ್ಫಿನ್‌ಗಳಲ್ಲಿ ಬ್ರುಸೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಮಿದುಳಿಗೂ ಹರಡುತ್ತದೆ, ಗರ್ಭಪಾತಕ್ಕೂ ಕಾರಣವಾಗುತ್ತದೆ. ಪ್ರಾಣಿ ಸತ್ತಿದ್ದರೂ ಬರಿಗೈ ಬೇಡ.

ದಡದಲ್ಲಿ ಕಂಡರೆ ಸುಮ್ನೆ ದೂರ ನಿಂತು ಫೋಟೋ ತೆಗೆಯಿರಿ. ನೀರಿಗೆ ತಳ್ಳಲು ಹೋಗಬೇಡಿ. ಜಾಗದ ಗುರುತು ಹೇಳಿ ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿ, ಆಮೇಲೆ ಫೋಟೋ ಇಲ್ಲಿ ಹಾಕಿ.