ಅಪ್ಪನ ಕಣ್ಣಿಗೆ ಸಿಡಿದ ಕ್ಷಾರ

ಉಲ್ಮ್, ಜರ್ಮನಿ
ರವಿವಾರ

ತೀರ್ಥರೂಪ ಅಪ್ಪನವರಿಗೂ ಅವ್ವನಿಗೂ ಮಗಳ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ.

ಗಿರೀಶನ ಪತ್ರ ನಿನ್ನೆ ಕೈಸೇರಿತು. ಬಚ್ಚಲ ಕೊಳವೆ ಕಟ್ಟಿತೆಂದು ನೀವು ಜರ್ಮನ್ (ಅಲ್ಯೂಮಿನಿಯಂ) ಬೋಗುಣಿಯ ಬಿಸಿನೀರಿಗೆ ಕಾಸ್ಟಿಕ್ ಸೋಡಾ ಸುರಿದಿರಿ, ಅದು ಉಕ್ಕಿ ಎಡಗಣ್ಣಿಗೆ ಸಿಡಿಯಿತು ಎಂಬುದನ್ನು ಓದಿದ ಮೇಲೆ ನನಗೆ ನಿದ್ರೆ ಬಂದಿಲ್ಲ. ಕೂಡಲೇ ನಲ್ಲಿಯ ಕೆಳಗೆ ಕಣ್ಣು ತೊಳೆಸಿದ್ದು ಅವ್ವನ ಜಾಣತನ. ಆದರೆ ಉರಿ ನಿಂತಿದೆ, ಡಾಕ್ಟರು ಬೇಡ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ಕಾಸ್ಟಿಕ್ ಸೋಡಾದಂಥ ಕ್ಷಾರವು ಕಣ್ಣಿನ ಪದರದ ಕೊಬ್ಬನ್ನು ಸಾಬೂನಾಗಿಸುತ್ತ ಒಳಕ್ಕಿಳಿಯುವಂಥದ್ದು. ಕಣ್ಣಿನ ಒತ್ತಡ ದಿನಗಳ ಬಳಿಕವೂ ಏರಬಹುದು.

ತಪ್ಪು ಸೋಡಾದ್ದಷ್ಟೇ ಅಲ್ಲ, ಬೋಗುಣಿಯದೂ ಹೌದು. ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ಕಾಯ್ದುಕೊಂಡಿರುವುದರಿಂದಲೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಷ್ಟು ವರ್ಷ ನೀರು ಕಾಯಿಸಿದಿರಿ. ಕ್ಷಾರ ಆ ಪೊರೆಯನ್ನೇ ಕರಗಿಸುತ್ತದೆ. ಬಯಲಾದ ಲೋಹದ ಒಂದೊಂದು ಪರಮಾಣುವೂ 3 ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಲ್ಯೂಮಿನೇಟ್ ಎಂಬ ಲವಣದ ರೂಪದಲ್ಲಿ ನೀರಿಗಿಳಿಯುತ್ತದೆ. ಅದೇ ಪಾತ್ರೆಯ ಮೈಮೇಲೆ ನೀರು ಆ ಎಲೆಕ್ಟ್ರಾನುಗಳನ್ನು ಪಡೆದು ಜಲಜನಕವನ್ನು ಬಿಡುತ್ತದೆ. ತಂತಿಯೇ ಇಲ್ಲದೆ ಬ್ಯಾಟರಿಯ ಎರಡೂ ಧ್ರುವಗಳು ಒಂದೇ ತಗಡಿನಲ್ಲಿ ಕೆಲಸ ಮಾಡಿದಂತೆ. 27 ಗ್ರಾಂ ಲೋಹ ಕರಗಿದರೆ ಸುಮಾರು 36 ಲೀಟರ್ ಅನಿಲ ಹೊರಡುತ್ತದೆ, ಶಾಖವೂ ವಿಪರೀತ. ಆ ಗುಳ್ಳೆಗಳು ಒಡೆದಾಗ ಎದ್ದ ಹನಿಗಳೇ ನಿಮ್ಮ ಕಣ್ಣಿಗೆ ಬಿದ್ದಿವೆ.

ನಾನೂ ದಿನವಿಡೀ ಕ್ಷಾರದ ಜೊತೆಗೇ ಇರುತ್ತೇನೆಂದು ಅವ್ವ ಹೆದರಬಾರದು. ನನ್ನ ಕೆಲಸ ಬ್ಯಾಟರಿಯೊಳಗಿನ ಸತುವಿನದು. ಅದೂ 2 ಎಲೆಕ್ಟ್ರಾನು ಬಿಟ್ಟು ಜಿಂಕೇಟ್ ಎಂಬ ಲವಣವಾಗಿ ಕರಗುತ್ತದೆ, ಆದರೆ ಶುದ್ಧ ಸತುವಿನ ಮೇಲೆ ಜಲಜನಕ ಬಹಳ ನಿಧಾನವಾಗಿ ಹುಟ್ಟುವುದರಿಂದ ತಂತಿ ಜೋಡಿಸುವ ತನಕ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಸತು, ಕ್ಷಾರ ಎರಡೂ ಇರುವ ಆಲ್ಕಲೈನ್ ಸೆಲ್ಲುಗಳು ವರ್ಷಗಟ್ಟಲೆ ಕೆಡದೆ ಉಳಿಯುವುದಕ್ಕೆ ಇದೇ ಮುಖ್ಯ ಕಾರಣ. ಕನ್ನಡಕ, ಕೈಗವಸು, ಕಣ್ಣು ತೊಳೆಯುವ ನಲ್ಲಿ ಎಲ್ಲವೂ ಇವೆ, ನನಗೆ ಏನೇನೂ ಆಗುವುದಿಲ್ಲ.

ಇಲ್ಲಿಯವರು ಬ್ರೆಟ್ಸೆಲ್ ಎಂಬ ಗಂಟುಬ್ರೆಡ್ಡನ್ನು ಬೇಯಿಸುವ ಮೊದಲು ಇದೇ ಸೋಡಾದ ತೆಳು ದ್ರಾವಣದಲ್ಲಿ ಅದ್ದುತ್ತಾರೆ! ಒಲೆಯಲ್ಲಿ ಕ್ಷಾರದ ತೀಕ್ಷ್ಣತೆ ಇಳಿಯುತ್ತದೆ, ತಿನ್ನಲು ಬಲು ರುಚಿ. ಅದನ್ನು ಬರಿಯ ಅಲ್ಯೂಮಿನಿಯಂ ತಟ್ಟೆಯ ಮೇಲಿಟ್ಟರೆ ಲೋಹ ತಿನಿಸಿಗೆ ಸೇರುತ್ತದೆಂದು ಅವರಿಗೂ ಗೊತ್ತು.

ದಯವಿಟ್ಟು ನಾಳೆಯೇ ಗಿರೀಶನೊಂದಿಗೆ ಕಣ್ಣಿನ ಆಸ್ಪತ್ರೆಗೆ ಹೋಗಿ, ಸಿಡಿದದ್ದು ಕ್ಷಾರ ಎಂದು ತಪ್ಪದೆ ಹೇಳಿರಿ. ಹಣ ಕಳುಹಿಸಿದ್ದೇನೆ. ಉಳಿದ ಸೋಡಾವನ್ನು ಮಕ್ಕಳ ಕೈಗೆ ಸಿಗದಂತೆ ಇಡಿರಿ. ಬೋಗುಣಿಯನ್ನು ಅಡುಗೆಗೆ ಬಳಸಬೇಡಿರಿ. ಅಳತೆ ತೆಗೆಯುವ ಹೊತ್ತಾಯಿತು, ಓಡುತ್ತಿದ್ದೇನೆ. ಡಾಕ್ಟರು ಹೇಳಿದ್ದನ್ನು ಗಿರೀಶ ಅಂದೇ ತಿಳಿಸಲಿ.

ನಿಮ್ಮ ಮಗಳು,
ಸುಮಾ